ನೀರಿಗೆ ಹೋದವರು

“ನಿಮ್ಮ ಮನೆತನದಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ಹಠಾತ್ತಾಗಿ ತೀರಿಕೊಂಡದ್ದು ಇದೆಯಾ?”

“ಇಲ್ಲೆ,” ಎಂದಳು ಬಾಗಿ.

“ಹೃದಯದ ತೊಂದರೆ? ನಿಂತಲ್ಲೇ ಬಿದ್ದು ಹೋದವರು?”

“ಇಲ್ಲೆ ಡಾಕ್ಟ್ರಮ್ಮ. ನಮ್ದೆಲ್ಲ ದೋಣಿ ಎಳೂ ಜನ. ಅಂಥಾ ಕಾಯ್ಲೆ ಯಾರಿಗೂ ಇಲ್ಲೆ.”

ಅವಳು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಯೋಚಿಸಿ ಹೇಳಿದ್ದಳು. ಅಪ್ಪಯ್ಯ ಎಪ್ಪತ್ತೆರಡಕ್ಕೆ ಹೋದದ್ದು ಕೆಮ್ಮಿನಲ್ಲಿ, ಹೆತ್ತ ಅಬ್ಬಿ ಹೋದದ್ದು ಸಕ್ಕರೆ ಕಾಯಿಲೆಯಲ್ಲಿ. ಕಾಯಿಲೆಯಿಂದ ಸತ್ತವರನ್ನು ಡಾಕ್ಟರ ಮುಂದೆ ಹೇಳಬೇಕು ಎಂಬುದು ಬಾಗಿಗೆ ಗೊತ್ತಿತ್ತು, ಹೇಳಿಯೂ ಆಯಿತು. ಪಕ್ಕದ ಮಂಚದ ಮೇಲೆ ಅವಳ ಹದಿಮೂರು ವರ್ಷದ ಮಗಳು ದಿವ್ಯಾ ಇಸಿಜಿಗೆ ಹಚ್ಚಿದ್ದ ತಣ್ಣನೆಯ ಅಂಟನ್ನು ಹತ್ತಿಯಿಂದ ಒರೆಸಿಕೊಳ್ಳುತ್ತ, ಶಾಲೆಯ ಅಂಗಿಯ ಗುಂಡಿ ಹಾಕುತ್ತಿದ್ದಳು.

ದಿವ್ಯಾ ಬಿದ್ದದ್ದು ಇದು ಎರಡನೇ ಸಲ. ಮೊದಲ ಸಲ ಬಸ್ಸಿಗೆ ಓಡುವಾಗ ರಸ್ತೆಯ ಬದಿಯಲ್ಲಿ ಬಿದ್ದಳು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ರಕ್ತ ಕಡಿಮೆ ಎಂದು ಊರಿನ ಡಾಕ್ಟರು ಟಾನಿಕ್ ಬರೆದುಕೊಟ್ಟರು. ಬಾಗಿ ಬೀಟ್‌ರೂಟ್ ಬೇಯಿಸಿ ಬೇಯಿಸಿ ಹಾಕಿದ್ದಳು. ಎರಡನೇ ಸಲ ಶಾಲೆಯ ಇನ್ನೂರು ಮೀಟರ್ ಓಟದಲ್ಲಿ, ಎಲ್ಲರಿಗಿಂತ ಮುಂದಿದ್ದಾಗ, ಕೈ ಕೂಡ ಊರದೆ ಮುಖ ಅಡಿಯಾಗಿ ಬಿದ್ದಳು. ಒಂದು ನಿಮಿಷದ ಮೇಲೆ ಎದ್ದು, ನಾನು ಎಷ್ಟನೆಯವಳು ಎಂದು ಕೇಳಿದಳಂತೆ. ಆಟದ ಮಾಸ್ತರು ಸುಜನ್ ಆ ಸಂಜೆಯೇ ಮನೆಗೆ ಬಂದು, ಟಾನಿಕ್ ಸಾಕಾಗುವುದಿಲ್ಲ, ಹೃದಯದ ಡಾಕ್ಟರಿಗೇ ತೋರಿಸಿ ಎಂದು ಹಟ ಹಿಡಿದಿದ್ದರು. ಹಾಗಾಗಿ ಈ ಸೋಮವಾರ, ಕುಂದಾಪುರದ ಆಸ್ಪತ್ರೆಯಲ್ಲಿ, ವಾರಕ್ಕೆ ಎರಡು ದಿನ ಬರುವ ಡಾಕ್ಟರ್ ಅಮಿತಾ ಅವರ ಮುಂದೆ ಬಾಗಿ ಕೂತಿದ್ದಳು.

ಡಾಕ್ಟರು ಕಾಗದದ ಮೇಲಿನ ಗೆರೆಗಳನ್ನು ಅಳತೆಪಟ್ಟಿ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. ಮೀನು ತೂಗುವಾಗ ಎರಡೆರಡು ಸಲ ತೂಗಿದರೆ ಗಿರಾಕಿಗೆ ಅನುಮಾನ ಬರುತ್ತದೆ. ಬಾಗಿಗೆ ಈಗ ಹಾಗೆಯೇ ಆಯಿತು.

“ಹೃದಯ ಒಂದು ಸಲ ಬಡಿದ ಮೇಲೆ ಇನ್ನೊಂದು ಬಡಿತಕ್ಕೆ ತಯಾರಾಗಲು ಸ್ವಲ್ಪ ಹೊತ್ತು ಬೇಕು. ದಿವ್ಯಾಗೆ ಆ ಹೊತ್ತು ಒಂಚೂರು ಹೆಚ್ಚಾಗುತ್ತಿದೆಯೋ ಎಂದು ಅನುಮಾನ. ಖಂಡಿತ ಹೇಳುವಷ್ಟು ಇಲ್ಲ, ಗಡಿಯಲ್ಲಿದೆ. ಗುರುವಾರ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ. ಅಲ್ಲಿಯವರೆಗೆ ಓಡುವುದು ಬೇಡ. ನೀರಿಗೆ ಇಳಿಯಲೇ ಬಾರದು.”

“ನೀರಿಗ್ ಎಂತಕ್ಕೆ ಡಾಕ್ಟ್ರಮ್ಮ? ಅದ್ ಆರ್ ವರ್ಷದಿಂದ ಈಜ್ತ್. ಮುಳ್ಗುದಿಲ್ಲ.”

“ಈಜು ಬರುತ್ತದೋ ಇಲ್ಲವೋ ಎನ್ನುವುದಲ್ಲ ಅಮ್ಮ. ಈ ತೊಂದರೆಯ ಒಂದು ಬಗೆ ಇದೆ. ಅದರಲ್ಲಿ ಹೃದಯ ಕೈಕೊಡುವುದು ಓಡುವಾಗ, ಅದಕ್ಕಿಂತ ಹೆಚ್ಚಾಗಿ ಈಜುವಾಗ. ತಾಳ ತಪ್ಪಿದ ಕೂಡಲೇ ಪ್ರಜ್ಞೆ ಹೋಗುತ್ತದೆ. ಒಳ್ಳೆಯ ಈಜುಗಾರರೂ ಕೂಗುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಸುಮ್ಮನೆ ನಿಂತುಬಿಡುತ್ತಾರೆ. ನೋಡಿದವರು ಮುಳುಗಿ ಸತ್ತರು ಎಂದುಕೊಳ್ಳುತ್ತಾರೆ.”

ಬಾಗಿ ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟು, ಮೇಲೆ ಅಂಗೈ ಒತ್ತಿದಳು.

ನೀರಿಗೆ ಹೋದವರು ಅವಳ ಮನೆತನದಲ್ಲಿ ಇಬ್ಬರಿದ್ದರು. ಕಡಲಲ್ಲಿ ದುಡಿಯುವ ಮನೆಗಳಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರನ್ನು ಯಾರೂ ರೋಗದಿಂದ ಸತ್ತವರ ಜೊತೆ ಸೇರಿಸುವುದಿಲ್ಲ. ಅಬ್ಬಿಯ ತಮ್ಮ ಹದಿನಾರನೇ ವರ್ಷಕ್ಕೆ ಗಂಗೊಳ್ಳಿಯ ಹೊಳೆಬಾಯಿಯಲ್ಲಿ ಹೋಗಿದ್ದ. ಬಾಗಿಯ ತಮ್ಮ ಬಚ್ಚ ಹೋದದ್ದು ಇಪ್ಪತ್ತೆರಡನೇ ವರ್ಷಕ್ಕೆ, ಕೋಡೇರಿಯ ಅಳಿವೆಯಲ್ಲಿ. ಆ ದಂಡೆಯಲ್ಲಿ ಅವನಷ್ಟು ಚೆನ್ನಾಗಿ ಈಜುವವರು ಬೇರೆ ಇರಲಿಲ್ಲ.

“ನನ್ನ್ ತಮ್ಮ,” ಎಂದಳು ಬಾಗಿ. ಆಮೇಲೆ ಎಲ್ಲವನ್ನೂ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರಾ? ಕೂಗಿದನಾ, ಕೈ ಎತ್ತಿದನಾ, ಅದು ನನಗೆ ಬೇಕು. ಊರಿನವರು ಹೇಳಿದ್ದಲ್ಲ, ಕಂಡವರೇ ಹೇಳಬೇಕು.”

“ಒಬ್ಬ ಈಗಳೂ ಇದ್ದ,” ಎಂದಳು ಬಾಗಿ. “ಅವ ಹೇಳ್ದದ್ದ್ ನಾವ್ ಕೇಣ್ಲಿಲ್ಲ.”

*

ತಮ್ಮೂರು ಕೋಡಿಯ ಮನೆ ತಲುಪುವವರೆಗೂ ಬಾಗಿ ಮಗಳ ಮಣಿಕಟ್ಟು ಬಿಡಲಿಲ್ಲ. ಬಸ್ಸಿನಲ್ಲಿ ನಾಡಿ ಸಿಕ್ಕಿತು, ಆಟೋದಲ್ಲಿ ಸಿಗಲಿಲ್ಲ. ಸಿಗದಿದ್ದಾಗ ಬೆರಳು ಸರಿಸಿ ಸರಿಸಿ ಹುಡುಕಿದಳು. ದಿವ್ಯಾ ಕಿಟಕಿಯ ಆಚೆ ನೋಡುತ್ತ, ಶಾಲೆಯ ಗೆಳತಿಯರು ಕಂಡಾರು ಎಂದು ಕೈ ಎಳೆದುಕೊಳ್ಳಲು ನೋಡುತ್ತಿದ್ದಳು.

ಗಂಡ ಲೀಲಾಧರ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗಿ ಆರು ದಿನವಾಗಿತ್ತು. ಇನ್ನು ನಾಲ್ಕು ದಿನ ಫೋನು ಸಿಗುವ ಹಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬಾಗಿ ಮೀನು ಮಾರಲು ಹೋಗಲಿಲ್ಲ. ದಿವ್ಯಾ ಸ್ನಾನಕ್ಕೆ ಹೋದರೆ ಬಾಗಿಲಿನ ಹೊರಗೆ ನಿಂತಳು. ಒಳಗೆ ನೀರು ಹೊಯ್ಯುವ ಸದ್ದು ನಿಂತರೆ ಸಾಕು, ಕರೆಯುವಳು.

“ಹೆಣೆ, ಅಲ್ಲಿದ್ಯಾ?”

“ಇದ್ದೆ.”

ಮತ್ತೆ ಚೂರು ಹೊತ್ತು ಬಿಟ್ಟು, “ಹೆಣೆ?”

“ಅಬ್ಬಿ, ನಾನ್ ಸತ್ತಿಲ್ಲೆ. ಸೋಪ್ ಹಾಕ್ತಿದ್ದೆ.”

ಬಾಗಿ ಗೋಡೆಗೆ ಒರಗಿ ಕೂತಳು. ಈ ಹುಡುಗಿಗೆ ಈಜು ಕಲಿಸಿದವಳು ತಾನೇ. ಕಡಲ ಮಕ್ಕಳಿಗೆ ಈಜು ಬಂದರೆ ಅರ್ಧ ಭಯ ಹೋಯಿತು ಎಂದುಕೊಂಡು, ಬಚ್ಚ ಹೋದ ಸಿಟ್ಟಿಗೆ ಕಲಿಸಿದಂತೆ ಕಲಿಸಿದ್ದಳು. ಕಳೆದ ಮೇ ತಿಂಗಳಲ್ಲಿ ಎಷ್ಟು ಸಲ ಹೊಳೆಗೆ ಇಳಿದಿದ್ದಾಳೆ, ಎಷ್ಟು ಸಲ ದಂಡೆಯಲ್ಲಿ ನಿಂತು, ಇನ್ನೂ ಜೋರಾಗಿ ಹೊಡಿ ಎಂದು ನಾನೇ ಕೂಗಿದ್ದೇನೆ ಎಂದು ಎಣಿಸುತ್ತ ಹೋದಳು.

ಬಚ್ಚ ಹೋದದ್ದನ್ನು ಕಂಡವನು ಗುಡ್ಡ ಒಬ್ಬನೇ, ಅವನ ಹತ್ತಿರ ಹೋಗಲೇಬೇಕಿತ್ತು. ಆದರೆ ಯಾವ ಮುಖ ಹೊತ್ತುಕೊಂಡು ಹೋಗುವುದು?

ಹತ್ತೊಂಬತ್ತು ವರ್ಷದ ಹಿಂದೆ ದೋಣಿಯಲ್ಲಿ ಇದ್ದದ್ದು ಇಬ್ಬರೇ, ಬಚ್ಚ ಮತ್ತು ಗುಡ್ಡ. ಬಚ್ಚನನ್ನು ದಂಡೆಗೆ ತಂದು ಮಲಗಿಸಿದಾಗ ಗುಡ್ಡ ಹೇಳಿದ್ದು ಒಂದೇ ಮಾತು: ಅವ ತಾನಾಗಿ ನಿಂತ. ಅದನ್ನು ಯಾರು ನಂಬುತ್ತಾರೆ? ಕುಡಿದಿದ್ದ ಎಂದರು ಕೆಲವರು. ಇಬ್ಬರಿಗೂ ಜಗಳವಿತ್ತು ಎಂದರು. ಬಾಗಿ ಬಗ್ಗಿ, ಬಚ್ಚನ ತಲೆಯ ಹತ್ತಿರದ ಹೊಯಿಗೆ ಮಣ್ಣನ್ನು ಬಲಗೈಯಲ್ಲಿ ಮುಷ್ಟಿ ತುಂಬ ತೆಗೆದು ಗುಡ್ಡನ ತಲೆಯ ಮೇಲೆ ಹಾರಿಸಿದ್ದಳು. ನಿನ್ನ ಮನೆ ಮಣ್ಣಾಗಲಿ ಎಂದಿದ್ದಳು. ಮಣ್ಣು ಹಾರಿಸಿದರೆ ಅದು ಸುಮ್ಮನೆ ಹೋಗುವುದಿಲ್ಲ ಎಂದು ಆ ಕಡೆಯವರ ನಂಬಿಕೆ. ಹಟ್ಟಿಯಂಗಡಿ ದೇವಸ್ಥಾನದಲ್ಲಿ ಆಣೆ ಮಾಡುತ್ತೇನೆ ಎಂದು ಗುಡ್ಡ ಹೇಳಿ ಕಳಿಸಿದ. ಆಣೆ ಮಾಡಬೇಕಾದರೆ ದೂರಿದವರು ಎದುರಿಗೆ ಇರಬೇಕು. ಬಾಗಿಯ ಮನೆಯಿಂದ ಯಾರೂ ಹೋಗಲಿಲ್ಲ. ಅವನು ಬೆಳಗಿನಿಂದ ಮಧ್ಯಾಹ್ನದ ಪೂಜೆಯವರೆಗೆ ಕಾದು, ಒಬ್ಬನೇ ತಿರುಗಿ ಹೋದನಂತೆ. ಕಡಲು ಬಿಟ್ಟ. ಹೆಂಡತಿ ಪುಷ್ಪಳ ಊರಾದ ಗುಲ್ವಾಡಿಗೆ ಹೋಗಿ ಬಲೆ ಕಟ್ಟುತ್ತ ಬದುಕಿದ. ಅವರಿಗೆ ಮಕ್ಕಳಾಗಲಿಲ್ಲ. ಆ ಸುದ್ದಿ ಬಂದಾಗ ಬಾಗಿಗೆ ಸಂತೋಷವಾಗಿತ್ತು, ಅದನ್ನು ಅವಳು ಮರೆತಿರಲಿಲ್ಲ.

*

ಬುಧವಾರ ಹತ್ತು ಗಂಟೆಯ ಬಸ್ಸಿಗೆ ಗುಲ್ವಾಡಿಯಲ್ಲಿ ಇಳಿದರು. ದಿವ್ಯಾಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಬಾಗಿಗೆ ಧೈರ್ಯವಿರಲಿಲ್ಲ. ಹೊಳೆಯ ಪಕ್ಕದ ದಾರಿಯಲ್ಲಿ ಮಗಳನ್ನು ಒಳಬದಿಗೆ ಹಾಕಿ, ತಾನು ನೀರಿನ ಬದಿಗೆ ನಡೆದಳು.

ಗುಡ್ಡ ಅಂಗಳದಲ್ಲಿ ಬಲೆಯ ಒಂದು ಕೊನೆಯನ್ನು ತೆಂಗಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಯನ್ನು ಕಂಡು ಏಳಲು ಹೋದ, ಬೆರಳು ಬಲೆಯಲ್ಲಿ ಸಿಕ್ಕಿ ಹಾಗೇ ಕೂತ. ಒಳಗಿನಿಂದ ಬಂದ ಪುಷ್ಪ ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಬಾಗಿಯ ಮುಖ ನೋಡಲಿಲ್ಲ, ಕೈ ನೋಡಿತು.

“ಎಂತಕ್ ಬಂದದ್ದ್?” ಎಂದಳು ಪುಷ್ಪ. “ಇನ್ನೂ ಎಂತ ಉಳ್ದಿತ್ತ್ ಇಲ್ಲಿ?”

“ಒಂದ್ ಮಾತ್ ಕೇಂಬುಕ್ ಬಂದೆ,” ಎಂದಳು ಬಾಗಿ. ಮಾತು ಪುಷ್ಪಳಿಗೆ, ನೋಟ ಗುಡ್ಡನ ಕಡೆಗೆ. “ಅವತ್ತ್ ಎಂತಾಯ್ತ್?”

“ಹೇಳಿದ್ದೆ ಅಲ್ದಾ,” ಎಂದ ಗುಡ್ಡ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. “ಹತ್ತೊಂಬತ್ ವರ್ಷ ಆಯ್ತ್. ಈಗಳ್ ಯಾಕ್?”

ಬಾಗಿ ಮಗಳ ಭುಜದ ಮೇಲೆ ಕೈ ಇಟ್ಟಳು. “ಇದ್ ನನ್ನ್ ಮಗ್ಳ್. ಓಡೂತಿಗೆ ಬಿತ್ತ್. ಎರ್ಡ್ ಸಲ. ಎದೆದ್ದ್ ತೊಂದ್ರೆ ಇರ್ಕ್ ಅಂದ್ರ್ ಡಾಕ್ಟ್ರ್. ಬಚ್ಚಂಗೂ ಅದೇ ಇದ್ದಿರ್ಕ್ ಅಂಬ್ರ್. ಕಂಡವ್ರ ಹತ್ರ ಕೇಂಡ್ಕಂಡ್ ಬನ್ನಿ ಅಂದ್ರ್. ಕಂಡವ ನೀನೊಬ್ನೇ.”

ಗುಡ್ಡ ದಿವ್ಯಾಳನ್ನು ನೋಡಿದ. ಅವಳ ಹುಬ್ಬು, ಸ್ವಲ್ಪ ಮುಂದೆ ಬಂದ ಗಲ್ಲ, ಎಲ್ಲ ಬಚ್ಚನದೇ. ಅವನ ಕೈಯಿಂದ ಬಲೆ ಕಟ್ಟುವ ಮುಳ್ಳು ಜಾರಿ ಬಿತ್ತು.

“ಎಂತ ಮಾಡೂತಿಗೆ ಬಿತ್ತ್ ಅಂದ್ಯೆ?”

“ಓಡೂತಿಗೆ.”

“ಮುಖ ಅಡಿ ಆಯ್?”

“ಹೌದ್.”

ಅವನು ಹೆಬ್ಬೆರಳಿನಿಂದ ಬಲೆ ಬಿಡಿಸಿ, ಕಾಲು ಮಡಚಿ ಕೂತ.

“ಬಲೆ ಎಂಜಿನ್ನಿನ್ ಫ್ಯಾನಿಗ್ ಸುತ್ಕಂಡಿತ್ತ್. ನಾನ್ ಬಿಡ್ಸ್ತೆ ಅಂದ್ ಬಚ್ಚ ಹಾರ್ದ. ಬಿಡ್ಸಿಯೂ ಆಯ್ತ್. ತಿರ್ಗಿ ದೋಣಿಗ್ ಬಪ್ಪತಿಗೆ ನಾಲ್ಕ್ ಕೈ ಹೊಡ್ದ. ಐದ್ನೇದ್ ಹೊಡಿಲಿಲ್ಲ.”

“ಕೂಗ್ಲಿಲ್ಯಾ?”

“ಇಲ್ಲೆ.”

“ಕೈ ಎತ್ಲಿಲ್ಯಾ?”

“ಇಲ್ಲೆ. ಮುಖ ಅಡಿ ಮಾಡಿ ತೇಲ್ದ. ನಂಗ್ ತಮಾಷಿ ಅಂದ್ ಕಂಡ್ತ್. ಅವ ಮಾಡ್ತಿದ್ದ ಅಲ್ದಾ, ಸತ್ತವ್ರ ಹಾಂಗ್ ತೇಲ್ಕಂಡ್ ಹೆದ್ರ್ಸುದ್. ನಾನ್ ನೆಗಾಡ್ದೆ ಬಾಗಿ. ಒಂದ್ ಬೀಡಿ ಹೊತ್ತ್ಸುವಷ್ಟ್ ಹೊತ್ತ್ ನೆಗಾಡ್ತಾ ಇದ್ದೆ.”

ಪುಷ್ಪ ಬಾಗಿಲು ಬಿಟ್ಟು ಒಳಗೆ ಹೋದಳು. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ದಿವ್ಯಾಳ ಕೈಗೆ ಕೊಟ್ಟಳು. ಬಾಗಿಗೆ ಕೊಡಲಿಲ್ಲ. ಬಾಗಿ ಅದನ್ನು ಸರಿ ಎಂದೇ ಅಂದುಕೊಂಡಳು.

“ಇನ್ನೊಂದ್ ಇತ್ತ್,” ಎಂದ ಗುಡ್ಡ, ನೆಲ ನೋಡುತ್ತ. “ಅದ್ನ್ ಯಾರಿಗೂ ಹೇಳ್ಲಿಲ್ಲ. ಅದಕ್ಕಿಂತ ಮೊದ್ಲ್ ಎರ್ಡ್ ಸಲ ದೋಣಿ ಒಳ್ಗೇ ಬಿದ್ದಿದ್ದ. ಬಲೆ ಎಳೂತಿಗೆ. ಒಂದ್ ಗಳ್ಗಿ, ಮತ್ತೆ ಎದ್ದ. ‘ಮನೆಯಂಗ್ ಹೇಳ್ರೆ ನನ್ನಾಣೆ’ ಅಂದ್ ನನ್ನ್ ಕೈ ತಲಿ ಮೇಲ್ ಇಡ್ಸ್ಕಂಡ. ಬಿದ್ದ್ ಏಳುವವ್ನ ಯಾರ್ ದೋಣಿ ಹತ್ತುಕ್ ಬಿಡ್ತ್ರ್? ನಾನ್ ಹೇಳ್ಲಿಲ್ಲ. ಹೇಳಿರೆ ಅವ ಮನೆಯಂಗ್ ಇರ್ತಿದ್ದ. ನೀನ್ ಮಣ್ಣ್ ಹಾರ್ಸೂತಿಗೆ ನಂಗ್ ಅದೇ ನೆನಪಾಯ್ತ್. ಆ ಮಣ್ಣ್ ನನ್ನ್ ತಲಿ ಮೇಲ್ ಬಿದ್ದದ್ ಸಮ ಅಂದ್ ಕಂಡ್ತ್.”

ಬಾಗಿಗೆ ನಾಚಿಕೆಗಿಂತ ಹೆದರಿಕೆ ದೊಡ್ಡದಾಗಿತ್ತು. ಗುಡ್ಡ ಹೇಳಿದ ಒಂದೊಂದು ಮಾತೂ ಬಚ್ಚನ ಮೇಲಿಂದ ಎದ್ದು ಬಂದು ಮಗಳ ಮೇಲೆ ಕೂರುತ್ತಿತ್ತು. ಅವನು ಸುಳ್ಳುಗಾರನೇ ಆಗಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಒಂದು ಕ್ಷಣ ಅನಿಸಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ನಾಳೆ ಆಸ್ಪತ್ರೆಗ್ ಬತ್ಯಾ?” ಎಂದಳು. “ನಾನ್ ಹೇಳ್ರೆ ಒಂದ್ ಹೋಯ್ ಇನ್ನೊಂದ್ ಆತ್ತ್. ನೀನೇ ಹೇಳ್ಕ್.”

ಗುಡ್ಡ ಪುಷ್ಪಳನ್ನು ನೋಡಿದ. ಪುಷ್ಪ ಬೆಲ್ಲ ತಿನ್ನುತ್ತಿದ್ದ ಹುಡುಗಿಯನ್ನು ನೋಡುತ್ತಿದ್ದಳು.

“ಬತ್ತ,” ಎಂದಳು ಪುಷ್ಪ.

*

ಗುರುವಾರ ಗುಡ್ಡ ಅವರಿಗಿಂತ ಮೊದಲೇ ಬಂದಿದ್ದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆ. ಹಣೆಯಲ್ಲಿ ಗಂಧ. ದೇವಸ್ಥಾನಕ್ಕೆ ಹೊರಟವನ ಹಾಗೆ ಬಂದು, ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದ.

ದಿವ್ಯಾಳ ಎದೆಗೆ ಹತ್ತು ಕಡೆ ವಯರು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿದರು. ಬಾಗಿಗೆ ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಪಟ್ಟಿ ಮೊದಲು ನಿಧಾನವಾಗಿ ಹೊರಟಿತು. ಮೂರು ನಿಮಿಷಕ್ಕೊಮ್ಮೆ ಮುಂದಿನ ತುದಿ ಎತ್ತರವಾಯಿತು, ವೇಗ ಹೆಚ್ಚಿತು. ಪಕ್ಕದಲ್ಲಿ ಶಾಕ್ ಕೊಡುವ ಯಂತ್ರವೊಂದನ್ನು ತಯಾರು ಮಾಡಿಟ್ಟಿದ್ದರು. ಅದು ಬೇಕಾಗುವುದಿಲ್ಲ, ನಿಯಮಕ್ಕೆ ಇಟ್ಟದ್ದು ಎಂದು ನರ್ಸ್ ಸೌಜನ್ಯ ಹೇಳಿದ್ದಳು. ಬಾಗಿಯ ಕಣ್ಣು ಅದರಿಂದ ಕದಲಲಿಲ್ಲ. ಮಗಳ ಜಡೆ ಬೆನ್ನಿಗೆ ಬಡಿಯುತ್ತಿತ್ತು. ಓಡಬೇಡ ಎಂದು ಮೂರು ದಿನ ಕಾದವಳ ಎದುರಿಗೇ ಮಗಳನ್ನು ಓಡಿಸುತ್ತಿದ್ದರು.

“ಸಾಕ್ ಮಾಡಿ,” ಎಂದಳು ಬಾಗಿ. ಯಾರಿಗೂ ಕೇಳಿಸಲಿಲ್ಲ.

ಪಟ್ಟಿ ನಿಂತಿತು. ದಿವ್ಯಾ ಏದುಸಿರು ಬಿಡುತ್ತ, ಬೆವರಿದ ಮುಖ ತಿರುಗಿಸಿ ಅಬ್ಬಿಯನ್ನು ನೋಡಿದಳು. ಡಾಕ್ಟರು ಮಾತ್ರ ಹುಡುಗಿಯನ್ನು ನೋಡದೆ ಪರದೆಯನ್ನೇ ನೋಡುತ್ತಿದ್ದರು. ಒಂದು ನಿಮಿಷ, ಎರಡು, ನಾಲ್ಕು. ಆಮೇಲೆ ಕಾಗದ ಹರಿದುಕೊಂಡು ತಮ್ಮ ಕೋಣೆಗೆ ಹೋಗಿ, ಗುಡ್ಡನನ್ನು ಕರೆದರು.

ಗುಡ್ಡ ಕೂರಲಿಲ್ಲ. ನಿಂತೇ ಹೇಳಿದ, ಬಾಗಿಲಿಗೆ ಹತ್ತಿರವಾಗಿ, ಬಾಗಿ ಎದುರಿಗೆ ಇದ್ದಾಳೆಯೇ ಎಂದು ಒಮ್ಮೆ ನೋಡಿಕೊಂಡು. ನಾಲ್ಕು ಕೈ, ಬೀಡಿಯಷ್ಟು ಹೊತ್ತು, ದೋಣಿಯಲ್ಲಿ ಬಿದ್ದದ್ದು, ತಲೆಯ ಮೇಲೆ ಇಡಿಸಿಕೊಂಡ ಕೈ, ಏನನ್ನೂ ಬಿಡಲಿಲ್ಲ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು, ದಿವ್ಯಾಳ ಫೈಲಿನಲ್ಲಿ ಬರೆಯುತ್ತ ಹೋದರು. ಪೆನ್ನು ಓಡುವುದನ್ನು ಗುಡ್ಡ ನೋಡುತ್ತಿದ್ದ. ಅವನ ಮಾತು ಪೆನ್ನಿಗೆ ಸರಿಯಾಗಿ ನಿಧಾನವಾಯಿತು.

“ನನ್ನ ಅನುಮಾನ ಸರಿಯಾಗಿತ್ತು,” ಎಂದರು ಡಾಕ್ಟರು ಬಾಗಿಗೆ. “ಓಡಿ ನಿಂತ ಮೇಲೆ ಕಡಿಮೆಯಾಗಬೇಕಾದ, ಹೃದಯ ತಯಾರಾಗುವ ಆ ಹೊತ್ತು ಇವಳಲ್ಲಿ ಹೆಚ್ಚಾಯಿತು. ಇವತ್ತಿನಿಂದ ಮಾತ್ರೆ. ಒಂದು ದಿನವೂ ತಪ್ಪಬಾರದು. ಓಟದ ಪಂದ್ಯ ಬೇಡ, ಈಜು ಬೇಡ. ಬೇರೆ ಯಾವ ಔಷಧಿ ಕೊಡುವ ಮೊದಲೂ ಈ ಚೀಟಿ ತೋರಿಸಬೇಕು. ಮಾತ್ರೆ ತಪ್ಪದೆ ತೆಗೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ಎಲ್ಲರ ಹಾಗೆ ದೊಡ್ಡವರಾಗುತ್ತಾರೆ. ಮಾತ್ರೆ ತೆಗೆದುಕೊಂಡೂ ಬಿದ್ದರೆ ಎದೆಯಲ್ಲಿ ಸಣ್ಣ ಯಂತ್ರ ಇಡುವ ದಾರಿ ಇದೆ. ಈಗ ಅದರ ಯೋಚನೆ ಬೇಡ.”

ಹೆಚ್ಚಿನವರು ಎಂಬ ಮಾತು ಬಾಗಿಯ ಕಿವಿಯಲ್ಲಿ ಉಳಿಯಿತು. ಎಲ್ಲರೂ ಎಂದಿರಲಿಲ್ಲ.

“ಇದು ನಿಮ್ಮ ತಾಯಿಯ ಕಡೆಯಿಂದ ಇಳಿದು ಬಂದ ಹಾಗಿದೆ. ಅಂದರೆ ನಿಮ್ಮ ಮೂಲಕ. ನಿಮ್ಮದೂ ಇಸಿಜಿ ತೆಗೆಯಬೇಕು, ಈಗಲೇ.”

“ನಂದಾ?” ಎಂದಳು ಬಾಗಿ. “ನಂಗೆ ಎಂತ ಆಯ್ಲಿಲ್ಲ ಡಾಕ್ಟ್ರಮ್ಮ. ನಾನ್ ಇಪ್ಪತ್ ವರ್ಷ ಮೀನ್ ಬುಟ್ಟಿ ಹೊತ್ತವ್ಳ್.”

“ಏನೂ ಆಗದೆಯೂ ಇರಬಹುದು. ನೋಡಬೇಕು.”

ಇಸಿಜಿ ಕೋಣೆಗೆ ಬರಿಯ ಒಂದು ಹಸಿರು ಪರದೆ. ಹೊರಗಿನ ಬೆಂಚಿನಲ್ಲಿ ದಿವ್ಯಾ ಕೂತಿದ್ದಳು, ಮಡಿಲಲ್ಲಿ ಫೈಲು. ಬಾಗಿ ಪರದೆಯ ಹತ್ತಿರ ಹೋಗಿ ನಿಂತಳು. ಮಗಳನ್ನು ಮೂರು ದಿನದಿಂದ ಕಣ್ಣಿನ ಆಚೆ ಬಿಟ್ಟಿರಲಿಲ್ಲ. ಗುಡ್ಡ ಗೋಡೆಯ ಪಕ್ಕ, ಹೊರಡಬೇಕೋ ನಿಲ್ಲಬೇಕೋ ಗೊತ್ತಾಗದೆ, ಚಪ್ಪಲಿ ಮೆಟ್ಟಿ ನಿಂತಿದ್ದ.

“ಗುಡ್ಡಣ್ಣ,” ಎಂದಳು ಬಾಗಿ. ಹತ್ತೊಂಬತ್ತು ವರ್ಷ ಬಾಯಿಗೆ ಬಾರದ ಹೆಸರು. “ನಾನ್ ಬಪ್ಪಲ್ವರಿಗೆ ಹೆಣ್ಣಿನ್ ಕಾಣ್ತಾ ಇರ್.”

ಗುಡ್ಡ ಚಪ್ಪಲಿ ಬಿಟ್ಟು ಬಂದು ದಿವ್ಯಾಳ ಪಕ್ಕದಲ್ಲಿ ಕೂತ.

ಒಳಗೆ ಸೌಜನ್ಯ ಬಾಗಿಯನ್ನು ಮಲಗಿಸಿ, ಕೈಕಾಲಿಗೆ ಕ್ಲಿಪ್ಪು ಹಾಕಿ, ಎದೆಗೆ ಅಂಟು ಹಚ್ಚಿದಳು. ಅದು ಮಗಳು ಹೇಳಿದ್ದಕ್ಕಿಂತ ತಣ್ಣಗಿತ್ತು. ಬಾಗಿ ಚಾವಣಿ ನೋಡುತ್ತ ಮಲಗಿದಳು. ಕಿವಿ ಪೂರ್ತಿ ಹೊರಗಿತ್ತು. ಗುಡ್ಡನ ದನಿ ಕೇಳಿತು.

“ಮಗಾ, ನಾನ್ ಹೇಳ್ದದ್ದೆಲ್ಲ ಡಾಕ್ಟ್ರ್ ಅದ್ರೊಳ್ಗ್ ಬರ್ದಿರಾ?”

ಹಾಳೆ ಮಗುಚುವ ಸದ್ದು. “ಹ್ಞಾಂ. ಇಂಗ್ಲೀಷಂಗ್ ಬರ್ದಿರ್.”

“ಎಂತ ಅಂದಿರ್?”

“ಕಂಡವ್ರ್ ಗುಡ್ಡ ಅಂದ್ ನಿಮ್ಮ್ ಹೆಸ್ರ್ ಇತ್ತ್. ಮತ್ತೆ... ನಾಲ್ಕ್ ಕೈ ಈಜ್ದ. ಕೂಗ್ಲಿಲ್ಲ, ಕೈ ಎತ್ಲಿಲ್ಲ. ತಾನಾಯ್ ನಿಂತ. ಹಾಂಗ್ ಬರ್ದಿರ್.”

“ತಾನಾಯ್ ನಿಂತ ಅಂದ್ ಬರ್ದಿರಾ?”

“ಹ್ಞಾಂ.”

“ಯಾರ್ದ್ ತಪ್ಪ್ ಅಂದ್ ಬರ್ದಿರಾ ಮಗಾ?”

ದಿವ್ಯಾ ಮತ್ತೆ ಹುಡುಕಿದಳು. ಹಾಳೆ ಎರಡು ಸಲ ಮಗುಚಿತು. “ಇಲ್ಲೆ ಮಾವ. ಹಾಂಗಿದ್ದ್ ಎಂತ ಇಲ್ಲೆ.”

“ಅಮ್ಮ, ಗೆರೆ ಸರಿ ಬರುತ್ತಿಲ್ಲ,” ಎಂದಳು ಸೌಜನ್ಯ, ಯಂತ್ರದಿಂದ ತಲೆ ಎತ್ತಿ. “ಕೈ ಗಟ್ಟಿ ಹಿಡಿದಿದ್ದೀರಿ. ಸಡಿಲ ಬಿಡಬೇಕು.”

ಬಾಗಿ ತಲೆ ವಾಲಿಸಿ ನೋಡಿದಳು. ಬಲಗೈ ಮುಷ್ಟಿ ಕಟ್ಟಿತ್ತು, ಗೆಣ್ಣುಗಳು ಬೆಳ್ಳಗಾಗಿದ್ದವು. ಯಾವಾಗ ಕಟ್ಟಿದ್ದು ಎಂದು ಅವಳಿಗೆ ಗೊತ್ತಾಗಲಿಲ್ಲ. ಮೊದಲು ಕಿರುಬೆರಳು ಬಿಚ್ಚಿದಳು, ಆಮೇಲೆ ಒಂದೊಂದೇ ಬೆರಳು. ಅಂಗೈ ಮೇಲೆ ಮಾಡಿ ಹಾಸಿಗೆಯ ಮೇಲೆ ಚಾಚಿದಳು. ಅದರಲ್ಲಿ ಸ್ವಲ್ಪ ಬೆವರು ಬಿಟ್ಟರೆ ಏನೂ ಇರಲಿಲ್ಲ.

“ಹಾಗೇ ಇರಿ,” ಎಂದಳು ಸೌಜನ್ಯ. ಯಂತ್ರದಿಂದ ಕಾಗದ ಹೊರಗೆ ಬರತೊಡಗಿತು.